ಆಸ್ಟ್ಲಿಯ ಹಾಳು ಕೋಟೆಮನೆಯೊಳಗೆ ಹೊಸ ಮನೆ: ಇದು ಉಳಿಸಿದ್ದಾ, ಕೆಡಿಸಿದ್ದಾ?

ಹಳೆಕಲ್ಲು:
ಇಂಗ್ಲೆಂಡಿನಲ್ಲಿರುವ ಕನ್ನಡಿಗರು, ಹಳೇ ಕಟ್ಟಡಗಳ ಬಗ್ಗೆ ಆಸಕ್ತಿ ಇರುವವರು ದಯವಿಟ್ಟು ಅಭಿಪ್ರಾಯ ಹೇಳಿ. ವಾರಿಕ್‌ಶೈರ್‌ನಲ್ಲಿ, ನನೀಟನ್ ಊರಿಗೆ ಹತ್ತಿರ, ಆಸ್ಟ್ಲಿ ಅಂತ ಸಣ್ಣ ಹಳ್ಳಿ ಇದೆ. ಅಲ್ಲಿ ಆಸ್ಟ್ಲಿ ಕ್ಯಾಸಲ್. ಹೆಸರು ಕ್ಯಾಸಲ್ ಅಂತಿದ್ದರೂ ಅದು ರಾಜರ ಕೋಟೆಯಲ್ಲ, ಸುತ್ತ ಕಂದಕ ತೋಡಿ ಗಟ್ಟಿ ಗೋಡೆ ಕಟ್ಟಿಕೊಂಡ ಜಮೀನ್ದಾರರ ಮನೆ. ಪಕ್ಕದಲ್ಲೇ ಸೇಂಟ್ ಮೇರಿ ಚರ್ಚು.

1978ರಲ್ಲಿ ಬೆಂಕಿ ಬಿದ್ದು ಮನೆ ಸುಟ್ಟುಹೋಯಿತು. ಅಲ್ಲಿಂದ ಮೂರು ದಶಕ ಚಾವಣಿಯಿಲ್ಲದೆ ಮಳೆಯಲ್ಲಿ ನೆನೆಯಿತು. ಆಮೇಲೆ ಹಳೇ ಕಟ್ಟಡ ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆಯವರು ಆ ಹಾಳು ಗೋಡೆಗಳ ಒಳಗೇ ಹೊಸ ಇಟ್ಟಿಗೆ, ಹೊಸ ಮರ ಹಾಕಿ ಮನೆ ಕಟ್ಟಿಸಿ 2012ರಲ್ಲಿ ಮುಗಿಸಿದರು. 2013ರಲ್ಲಿ ಅದಕ್ಕೆ ಸ್ಟರ್ಲಿಂಗ್ ಪ್ರಶಸ್ತಿಯೂ ಬಂತು, ಬ್ರಿಟನ್ನಿನಲ್ಲಿ ಕಟ್ಟಡ ವಿನ್ಯಾಸಕ್ಕೆ ಕೊಡುವ ದೊಡ್ಡ ಪ್ರಶಸ್ತಿ ಅದು. ಈಗ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ.

ನಾನು ಚರ್ಚಿನ ಅಂಗಳದಿಂದ ನೋಡಿದೆ. ಕೆಂಪು ಮರಳುಗಲ್ಲಿನ ಮುರಿದ ಗೋಡೆ, ಅದರ ಮಧ್ಯೆ ಚೊಕ್ಕಟವಾದ ಹೊಸ ಇಟ್ಟಿಗೆ, ದೊಡ್ಡ ದೊಡ್ಡ ಗಾಜು. ಮನಸ್ಸಿಗೆ ಕಸಿವಿಸಿಯಾಯಿತು. 700 ವರ್ಷ ಹಳೆಯ ಕಟ್ಟಡಕ್ಕೆ ಹೀಗೆ ಮಾಡಬಹುದಾ? ಒಂದೋ ಮೊದಲಿದ್ದ ಹಾಗೆ ಕಟ್ಟಬೇಕಿತ್ತು, ಇಲ್ಲ ಹಾಳನ್ನು ಹಾಳಾಗಿಯೇ ಬಿಡಬೇಕಿತ್ತು ಅಂತ ನನಗೆ ಅನಿಸುತ್ತದೆ. ನಿಮಗೆ?

ಕವೆಂಟ್ರಿ_ಕಾವೇರಿ:
ನಾವು ಇಲ್ಲೇ ಹತ್ತಿರ ಇರುವುದು. ಒಳಗೂ ಹೋಗಿ ನೋಡಿದ್ದೇವೆ. ವರ್ಷದಲ್ಲಿ ಕೆಲವು ದಿನ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಡುತ್ತಾರೆ. ಸರ್, ಹೊರಗಿನಿಂದ ನೋಡಿ ತೀರ್ಮಾನ ಮಾಡಬೇಡಿ. ಒಳಗೆ ನಿಂತರೆ ಬೇರೆಯೇ ಅನುಭವ. ಬಾಗಿಲು ದಾಟಿದ ಕೂಡಲೇ ಮನೆಯಲ್ಲ, ಚಾವಣಿಯಿಲ್ಲದ ಎರಡು ಅಂಗಳ ಸಿಗುತ್ತವೆ. ಸುತ್ತ ಹಳೇ ಕಿಟಕಿಗಳ ಕಲ್ಲಿನ ಚೌಕಟ್ಟು, ಮೇಲೆ ಆಕಾಶ. ಸುಟ್ಟ ಮನೆಯ ಆ ಭಾಗವನ್ನು ಹಾಗೆಯೇ ಬಿಟ್ಟಿದ್ದಾರೆ. ಅತಿ ಹಳೆಯ ಭಾಗದಲ್ಲಿ ಮಾತ್ರ ವಾಸದ ಮನೆ.

ಗಾರೆಕೆಲಸ:
ನಾನು ಸ್ಟ್ರಕ್ಚರಲ್ ಎಂಜಿನಿಯರ್. "ಹಾಳನ್ನು ಹಾಳಾಗಿಯೇ ಬಿಡಬೇಕಿತ್ತು" ಎನ್ನುವ ಮಾತಿಗೆ ಉತ್ತರ ಕೊಡಲೇಬೇಕು.

ಹಾಳು ಕಟ್ಟಡ ಸುಮ್ನೆ ನಿಂತಿರುವುದಿಲ್ಲ, ದಿನಾ ಬೀಳುತ್ತಿರುತ್ತದೆ. ಆ ಕಾಲದ ದಪ್ಪ ಗೋಡೆ ಅಂದರೆ ಹೊರಗೊಂದು, ಒಳಗೊಂದು ಕಲ್ಲಿನ ಮುಖ. ನಡುವೆ ಜಲ್ಲಿ, ಚೂರುಕಲ್ಲು, ಸುಣ್ಣದ ಗಾರೆ. ಚಾವಣಿ ಇರುವ ತನಕ ಗೋಡೆಯ ತಲೆಗೆ ನೀರು ಬೀಳುವುದಿಲ್ಲ. ಚಾವಣಿ ಹೋದ ಮೇಲೆ ಮಳೆನೀರು ಮೇಲಿನಿಂದ ನೇರವಾಗಿ ನಡುವಿನ ಜಲ್ಲಿಗೆ ಇಳಿಯುತ್ತದೆ. ಸುಣ್ಣ ತೊಳೆದುಹೋಗುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಎರಡೂ ಮುಖಗಳನ್ನು ಹೊರಕ್ಕೆ ತಳ್ಳುತ್ತದೆ. ಮೇಲೆ ಐವಿ ಬಳ್ಳಿ ಹಬ್ಬಿ ಬೇರು ಬಿಟ್ಟರೆ ಕಥೆ ಮುಗಿಯಿತು. ಮರಳುಗಲ್ಲು ಮೊದಲೇ ಮೆತ್ತಗೆ.

ಆಸ್ಟ್ಲಿಯಲ್ಲಿ ಆಗಿದ್ದು ಇದೇ. ಬೆಂಕಿಯಲ್ಲಿ ಚಾವಣಿ, ಮಹಡಿ ಎರಡೂ ಹೋದವು. ಮಹಡಿಯ ತೊಲೆಗಳು ಗೋಡೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ಅವು ಹೋದರೆ ಎತ್ತರದ ಗೋಡೆಗೆ ಆಸರೆಯೇ ಇಲ್ಲ. ಹಾಗಾಗಿ "ಹಾಗೆಯೇ ಬಿಡುವುದು" ಅಂದರೆ ಕಬ್ಬಿಣದ ಆಸರೆ ಕಟ್ಟಿ, ಬೇಲಿ ಹಾಕಿ, ವರ್ಷಕ್ಕೊಮ್ಮೆ ರಿಪೇರಿ ಮಾಡುತ್ತಾ ಕೂರುವುದು. ಆ ಖರ್ಚು ಯಾರು ಕೊಡಬೇಕು?

ಹಳೆಕಲ್ಲು:
@ಗಾರೆಕೆಲಸ ತಾಂತ್ರಿಕವಾಗಿ ಒಪ್ಪಿದೆ. ಆದರೆ ಮೊದಲಿದ್ದ ಹಾಗೆ ಕಟ್ಟಬಹುದಿತ್ತಲ್ಲ? ಹಳೇ ಫೋಟೋಗಳಿವೆ, ಸುಡುವ ಮೊದಲು ಅದು ಹೋಟೆಲ್ ಆಗಿತ್ತು.

ಅರಳಿಮರ:
"ಮೊದಲಿದ್ದ ಹಾಗೆ" ಅಂದರೆ ಯಾವ ಕಾಲಕ್ಕೆ ಇದ್ದ ಹಾಗೆ?

ಬಿಡದಿ_ಬರ್ಮಿಂಗ್‌ಹ್ಯಾಮ್:
ಅರಳಿಮರ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಆ ಮನೆಯ ಚರಿತ್ರೆ ನೋಡಿ.

1265ರ ಈವ್‌ಶಮ್ ಯುದ್ಧದಲ್ಲಿ ಥಾಮಸ್ ಡಿ ಆಸ್ಟ್ಲಿ ರಾಜನ ವಿರುದ್ಧ ಹೋರಾಡಿ ಸತ್ತ. 1266ರಲ್ಲಿ ಆ ಜಾಗ ವಾರಿನ್ ಡಿ ಬ್ಯಾಸಿಂಗ್‌ಬರ್ನ್ ಕೈಯಲ್ಲಿತ್ತು. ಕಂದಕ ತೋಡಿ ಗೋಡೆ ಭದ್ರಪಡಿಸಿಕೊಳ್ಳಲು ರಾಜನ ಪರವಾನಗಿ ಸಿಕ್ಕಿದ್ದು ಅವನಿಗೆ. ಆಮೇಲೆ ಮತ್ತೆ ಆಸ್ಟ್ಲಿ ಮನೆತನಕ್ಕೆ, ಅಲ್ಲಿಂದ ಮದುವೆಯ ಮೂಲಕ ಗ್ರೇ ಮನೆತನಕ್ಕೆ ಬಂತು. 1554ರ ದಂಗೆಯ ನಂತರ ಕೆಡವಿದರು, ಆಮೇಲೆ ಪುನಃ ಕಟ್ಟಿದರು. 17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟ್ ಕಡೆಯ ಸೈನಿಕರು ಬಂದು ಉಳಿದರು. 1674ರಲ್ಲಿ ಪಕ್ಕದ ಆರ್ಬರಿಯ ನ್ಯೂಡಿಗೇಟ್ ಮನೆತನ ಕೊಂಡುಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರು ಚೇತರಿಸಿಕೊಳ್ಳುವ ಜಾಗ. ಕೊನೆಗೆ ಹೋಟೆಲ್. ಪ್ರತಿಯೊಬ್ಬರೂ ಏನೋ ಸೇರಿಸಿದ್ದಾರೆ, ಏನೋ ಒಡೆದಿದ್ದಾರೆ. ಇದರಲ್ಲಿ ಯಾವುದನ್ನು "ಮೂಲ" ಅಂತ ಆರಿಸುತ್ತೀರಿ? 1970ರ ಹೋಟೆಲನ್ನೇ ಮತ್ತೆ ಕಟ್ಟಬೇಕಾ?

ರಾಣಿಕಥೆ:
ಅಯ್ಯೋ, ಗ್ರೇ ಮನೆತನವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ! ಅಲ್ಲೇ ಅಲ್ವಾ ಇರುವುದು ಕಥೆ. ಎಲಿಜಬೆತ್ ವುಡ್‌ವಿಲ್‌ಳ ಮೊದಲ ಗಂಡ ಸರ್ ಜಾನ್ ಗ್ರೇ. ಅವನು 1461ರಲ್ಲಿ ಸೇಂಟ್ ಆಲ್ಬನ್ಸ್ ಯುದ್ಧದಲ್ಲಿ ಸತ್ತ. ಇಬ್ಬರು ಗಂಡುಮಕ್ಕಳಿದ್ದ ಆ ವಿಧವೆಯನ್ನು ರಾಜ ನಾಲ್ಕನೇ ಎಡ್ವರ್ಡ್ 1464ರಲ್ಲಿ ಗುಟ್ಟಾಗಿ ಮದುವೆಯಾದ. ಅವರ ಮಗಳೇ ಯಾರ್ಕ್‌ನ ಎಲಿಜಬೆತ್, ಏಳನೇ ಹೆನ್ರಿಯ ರಾಣಿ. ಮುಂದೆ ಅದೇ ಗ್ರೇ ವಂಶದಲ್ಲಿ ಲೇಡಿ ಜೇನ್ ಗ್ರೇ. ಮೂವರು ರಾಣಿಯರ ನಂಟು ಇರುವ ಮನೆ ಇದು. ಜೇನ್ ಹುಟ್ಟಿ ಬೆಳೆದದ್ದು ಇಲ್ಲೇ.

ಬಿಡದಿ_ಬರ್ಮಿಂಗ್‌ಹ್ಯಾಮ್:
@ರಾಣಿಕಥೆ ಕೊನೆಯ ಸಾಲು ಸರಿಯಿಲ್ಲ ಅಕ್ಕಾ. ಜೇನ್ ಮನೆಯವರು ಮುಖ್ಯವಾಗಿ ಇದ್ದದ್ದು ಲೆಸ್ಟರ್‌ಶೈರ್‌ನ ಬ್ರಾಡ್‌ಗೇಟ್‌ನಲ್ಲಿ. ಆಸ್ಟ್ಲಿ ಅವರ ಆಸ್ತಿಗಳಲ್ಲಿ ಒಂದು. ಇಲ್ಲಿಗೆ ಗಟ್ಟಿ ಸಂಬಂಧ ಇರುವುದು ಅವಳ ತಂದೆಯದು.

ಜೇನ್ 1553ರ ಜುಲೈನಲ್ಲಿ ಕೆಲವೇ ದಿನ ರಾಣಿಯಾಗಿದ್ದಳು. ಮೇರಿ ರಾಣಿಯಾದ ಮೇಲೆ ಜೇನ್ ಸೆರೆಯಲ್ಲಿದ್ದಳು, ಜೀವ ಉಳಿಯುವ ಸಾಧ್ಯತೆಯೂ ಇತ್ತು. ಆದರೆ ಮೇರಿ ಸ್ಪೇನಿನ ಫಿಲಿಪ್‌ನನ್ನು ಮದುವೆಯಾಗುವುದನ್ನು ವಿರೋಧಿಸಿ 1554ರಲ್ಲಿ ದಂಗೆ ಎದ್ದಾಗ ತಂದೆ ಹೆನ್ರಿ ಗ್ರೇ ಅದರಲ್ಲಿ ಸೇರಿಕೊಂಡ. ಸೋತು ಆಸ್ಟ್ಲಿಗೆ ಓಡಿಬಂದ. ಅಲ್ಲಿನ ಟೊಳ್ಳು ಮರವೊಂದರಲ್ಲಿ ಅಡಗಿದ್ದ, ಅವನ ಕಾವಲುಗಾರನೇ ಹಿಡಿದುಕೊಟ್ಟ ಅಂತ ಅಲ್ಲಿ ಹೇಳುತ್ತಾರೆ. ಫೆಬ್ರವರಿ 12ರಂದು ಮಗಳ ತಲೆ ತೆಗೆದರು, 23ರಂದು ತಂದೆಯದು.

ರಾಣಿಕಥೆ:
ತಂದೆ ಮಾಡಿದ ಕೆಲಸಕ್ಕೆ ಮಗಳು ತಲೆ ಕೊಟ್ಟಳು. ಎಷ್ಟು ಸಲ ಓದಿದರೂ ಸಂಕಟವಾಗುತ್ತದೆ. ಅವಳಿಗೆ ಆಗ ಹದಿನಾರು ಹದಿನೇಳು ವಯಸ್ಸು.

ತುಂಗಾತೀರ:
ನನಗೊಂದು ಸಣ್ಣ ಪ್ರಶ್ನೆ. ಕಂದಕ ತೋಡಿದ್ದು ಶತ್ರುಗಳು ಬರಬಾರದು ಅಂತ ತಾನೆ? ಆದರೆ ಫೋಟೋದಲ್ಲಿ ನೋಡಿದರೆ ಚಿತ್ರದುರ್ಗದ ಕಂದಕದ ಹಾಗೆ ಆಳ ಕಾಣುವುದಿಲ್ಲ.

ಮಣ್ಣುಪರೀಕ್ಷೆ:
@ತುಂಗಾತೀರ ಇಂಗ್ಲೆಂಡಿನಲ್ಲಿ ಹೀಗೆ ಕಂದಕ ಇರುವ ಮನೆ ನಿವೇಶನಗಳು ಸುಮಾರು 6,000 ಇವೆ. ಹೆಚ್ಚಿನವು 1250ರಿಂದ 1350ರ ಒಳಗಿನವು, ಮಧ್ಯ ಮತ್ತು ಪೂರ್ವ ಭಾಗಗಳಲ್ಲಿ ಜಾಸ್ತಿ. ಇವೆಲ್ಲ ಯುದ್ಧಕ್ಕಾಗಿ ಅಲ್ಲ. ದೊಡ್ಡ ಸೈನ್ಯವನ್ನು ಇಂಥ ಕಂದಕ ತಡೆಯುವುದಿಲ್ಲ. ಕಳ್ಳರನ್ನು, ಕಾಡುಪ್ರಾಣಿಗಳನ್ನು ತಡೆಯುತ್ತದೆ. ಜೇಡಿಮಣ್ಣಿನ ನೆಲದಲ್ಲಿ ನೀರು ಬಸಿದುಹೋಗಲು ದಾರಿಯಾಗುತ್ತದೆ, ತೋಡಿದ ಮಣ್ಣಿನಿಂದ ಮನೆಯ ನೆಲ ಎತ್ತರಿಸಬಹುದು. ಮೀನು ಸಾಕಬಹುದು.

ಎಲ್ಲಕ್ಕಿಂತ ಮುಖ್ಯ, ಮರ್ಯಾದೆ. ಕಂದಕ ಇದ್ದರೆ ನೀನು ದೊಡ್ಡ ಮನುಷ್ಯ. ರಾಜನ ಪರವಾನಗಿಗೂ ಅದೇ ಬೆಲೆ. ಆಗ ವಾರಿಕ್‌ಶೈರ್‌ನ ಈ ಭಾಗವೆಲ್ಲ ಆರ್ಡನ್ ಕಾಡು. ಕಾಡು ಕಡಿದು ಹೊಸದಾಗಿ ಹೊಲ ಮಾಡಿಕೊಂಡವರು ಒಬ್ಬರನ್ನು ನೋಡಿ ಒಬ್ಬರು ಕಂದಕ ತೋಡಿದರು. ಅದಕ್ಕೇ ಆ ಸುತ್ತಮುತ್ತ ಇವು ದಂಡಿಯಾಗಿವೆ.

ತುಂಗಾತೀರ:
ಓಹ್, ಇದು ಗೊತ್ತಿರಲಿಲ್ಲ. ಧನ್ಯವಾದ ಸರ್.

ಸಾಲುಮಂಟಪ:
ಎಲ್ಲರೂ ಮನೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಪಕ್ಕದ ಚರ್ಚನ್ನು ಯಾರೂ ಕೇಳುತ್ತಿಲ್ಲ. ನನ್ನ ಪ್ರಕಾರ ಆಸ್ಟ್ಲಿಯ ನಿಜವಾದ ಅಚ್ಚರಿ ಅದೇ, ಹಳೆಕಲ್ಲು ಅವರ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

1343ರಲ್ಲಿ ಸರ್ ಥಾಮಸ್ ಆಸ್ಟ್ಲಿ ಇಲ್ಲೊಂದು ದೊಡ್ಡ ಚರ್ಚು ಕಟ್ಟಿಸಿದ. ಒಬ್ಬ ಡೀನ್ (ಮುಖ್ಯ ಪಾದ್ರಿ), ಅವನ ಕೆಳಗೆ ಪಾದ್ರಿಗಳ ಒಂದು ಗುಂಪು. ಅವರ ಮುಖ್ಯ ಕೆಲಸ ಈ ಮನೆತನದವರ ಆತ್ಮಗಳಿಗಾಗಿ ಪ್ರಾರ್ಥನೆ. ಶಿಲುಬೆಯಾಕಾರದ ಕಟ್ಟಡ, ನಡುವೆ ಎತ್ತರದ ಚೂಪು ಗೋಪುರ. ಅದರಲ್ಲಿ ದೀಪ ಹಚ್ಚಿಡುತ್ತಿದ್ದರಂತೆ. ಕಾಡಿನಲ್ಲಿ ದಾರಿ ತಪ್ಪಿದವರು ಆ ಬೆಳಕು ನೋಡಿ ಬರುತ್ತಿದ್ದರು. ಅದಕ್ಕೆ "ಆರ್ಡನ್ನಿನ ಲಾಂದ್ರ" ಅಂತಲೇ ಹೆಸರು.

ಎಂಟನೇ ಹೆನ್ರಿ ಮತ್ತು ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ ಇಂಥ ಸಂಸ್ಥೆಗಳೆಲ್ಲ ಮುಚ್ಚಿದವು. ಪಾದ್ರಿಗಳು ಹೋದರು. ಗೋಪುರದ ಮೇಲಿದ್ದ ಸೀಸದ ಹೊದಿಕೆಯನ್ನು ಕಿತ್ತು ಮಾರಿಕೊಂಡರು. ಸೀಸ ಹೋದ ಮೇಲೆ ನೀರು ಇಳಿಯಿತು. 1600ರ ಹೊತ್ತಿಗೆ ಗೋಪುರ ಕುಸಿಯಿತು. 1607ರ ಸುಮಾರಿಗೆ ರಿಚರ್ಡ್ ಚೇಂಬರ್ಲೇನ್ ಎಂಬುವನು ಉಳಿದದ್ದನ್ನು ಸರಿಮಾಡಿಸಿದ. ಹೇಗೆ ಗೊತ್ತಾ? ಹಳೇ ಚರ್ಚಿನಲ್ಲಿ ಪಾದ್ರಿಗಳು ಕೂತು ಹಾಡುತ್ತಿದ್ದ ಮೂಡಣ ಭಾಗ ಮಾತ್ರ ಗಟ್ಟಿಯಾಗಿತ್ತು. ಅದನ್ನೇ ಊರ ಜನ ಕೂರುವ ಸಭಾಂಗಣ ಮಾಡಿದ. ಅದರ ಮೂಡಕ್ಕೆ ಹೊಸ ಪೂಜಾಭಾಗ, ಪಡುವಣಕ್ಕೆ ಹೊಸ ಗೋಪುರ, ಎರಡನ್ನೂ ಸೇರಿಸಿ ಕಟ್ಟಿಸಿದ. ಗರ್ಭಗುಡಿಯನ್ನೇ ನವರಂಗ ಮಾಡಿ, ಹಿಂದೆ ಇನ್ನೊಂದು ಗರ್ಭಗುಡಿ ಕಟ್ಟಿದ ಹಾಗೆ.

ಅಂದರೆ 400 ವರ್ಷದ ಹಿಂದೆ, ಅದೇ ಅಂಗಳದಲ್ಲಿ, ಹಾಳಿನೊಳಗೆ ಉಳಿದ ಗಟ್ಟಿ ತುಂಡನ್ನು ಹಿಡಿದು ಹೊಸ ಬಳಕೆಗೆ ತಂದಿದ್ದಾರೆ. ಈಗ ಅದು ಗ್ರೇಡ್ 1 ಕಟ್ಟಡ, ಅಂದರೆ ಸಂರಕ್ಷಿತ ಪಟ್ಟಿಯ ಅತಿ ಮೇಲಿನ ದರ್ಜೆ, ನಾವೆಲ್ಲ ಕೈಮುಗಿದು ನೋಡುತ್ತೇವೆ. ಮನೆಗೆ 2012ರಲ್ಲಿ ಅದೇ ಮಾಡಿದರೆ ತಪ್ಪಾಗುತ್ತದಾ?

ಕವೆಂಟ್ರಿ_ಕಾವೇರಿ:
ಅದ್ಭುತವಾಗಿ ಬರೆದಿದ್ದೀರಿ. ಚರ್ಚಿನ ಒಳಗಿನ ಚಿತ್ರಗಳ ಬಗ್ಗೆಯೂ ಬರೆಯಿರಿ.

ಸಾಲುಮಂಟಪ:
ಪಾದ್ರಿಗಳು ಕೂರುತ್ತಿದ್ದ ಮರದ ಆಸನಗಳು ಈಗಲೂ ಇವೆ. 18 ಆಸನಗಳ ಬೆನ್ನ ಹಲಗೆಗಳ ಮೇಲೆ ಯೇಸುವಿನ ಶಿಷ್ಯರು ಮತ್ತು ಹಳೇ ಪ್ರವಾದಿಗಳ ಚಿತ್ರ, ಕೈಯಲ್ಲಿ ಬರಹದ ಪಟ್ಟಿ. ಇಂಗ್ಲೆಂಡಿನಲ್ಲಿ ಮಧ್ಯಯುಗದ ಚರ್ಚಿನ ಬಣ್ಣದ ಕೆಲಸದಲ್ಲಿ ಬಹುಪಾಲು ಸುಣ್ಣ ಬಳಿದು, ಕೆರೆದು ಹೋಗಿದೆ. ಇವು ಉಳಿದಿರುವುದೇ ಪುಣ್ಯ. ಆ ಭಾಗ ಊರವರ ಬಳಕೆಗೆ ಬಂದದ್ದರಿಂದಲೇ ಚಾವಣಿ ಉಳಿಯಿತು, ಹಲಗೆಗಳೂ ಉಳಿದವು.

ಹಳೆಕಲ್ಲು:
@ಸಾಲುಮಂಟಪ ಚರ್ಚಿನ ಮಾತು ತೂಕದ್ದು, ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಇದೆ. ಚರ್ಚು ಊರಿಗೆ ಸಿಕ್ಕಿತು. ಯಾರು ಬೇಕಾದರೂ ಹೋಗಿ ಕೂರಬಹುದು. ಮನೆ ಸಿಕ್ಕಿದ್ದು ಬಾಡಿಗೆ ಕೊಡಬಲ್ಲ ಎಂಟು ಜನಕ್ಕೆ. ದಾನದ ದುಡ್ಡು, ಲಾಟರಿ ನಿಧಿಯ ದುಡ್ಡು ಸೇರಿ ಉಳಿಸಿದ ಕಟ್ಟಡದ ಬಾಗಿಲು ವರ್ಷದ ಬಹುಪಾಲು ದಿನ ನನಗೆ ಮುಚ್ಚಿರುತ್ತದೆ. ಇಟ್ಟಿಗೆಯ ಬಣ್ಣಕ್ಕಿಂತ ನನ್ನ ದೊಡ್ಡ ತಕರಾರು ಇದು.

ಲೆಕ್ಕಪತ್ರ:
ನ್ಯಾಯವಾದ ತಕರಾರೇ. ಆದರೂ ಇನ್ನೊಂದು ಕಡೆಯಿಂದ ನೋಡಿ. ಲ್ಯಾಂಡ್‌ಮಾರ್ಕ್ ಟ್ರಸ್ಟ್ 1965ರಲ್ಲಿ ಶುರುವಾಯಿತು, ಜಾನ್ ಸ್ಮಿತ್ ಮತ್ತು ಅವರ ಹೆಂಡತಿ ಕ್ರಿಶ್ಚಿಯನ್ ಸ್ಮಿತ್ ಕಟ್ಟಿದ ಸಂಸ್ಥೆ. ಈಗ ಅವರ ಬಳಿ ಸುಮಾರು 200 ಕಟ್ಟಡ ಇವೆ. ಎಲ್ಲದಕ್ಕೂ ಲೆಕ್ಕ ಒಂದೇ. ದಾನ ಎತ್ತಿ ರಿಪೇರಿ ಮಾಡುವುದು, ಬಾಡಿಗೆಯಿಂದ ನಿರ್ವಹಣೆ ಮಾಡುವುದು.

ಟಿಕೆಟ್ ಇಟ್ಟು ಮ್ಯೂಸಿಯಂ ಮಾಡಿದರೆ ಆಸ್ಟ್ಲಿಯಂಥ ಮೂಲೆಯ ಹಳ್ಳಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ? ಕಾವಲು, ಶೌಚಾಲಯ, ಪಾರ್ಕಿಂಗ್, ಸಿಬ್ಬಂದಿ, ಎಲ್ಲಕ್ಕೂ ದುಡ್ಡು ಬೇಕು. ಮನೆಯಲ್ಲಿ ಜನ ಇದ್ದರೆ ಒಲೆ ಉರಿಯುತ್ತದೆ, ತೇವ ಕಟ್ಟುವುದಿಲ್ಲ, ಹೆಂಚು ಜರುಗಿದರೆ ಮಾರನೇ ದಿನವೇ ಗೊತ್ತಾಗುತ್ತದೆ.

ನೀಲಗಿರಿಟೀ:
ಕವೆಂಟ್ರಿ ಕಡೆ ಒಳ್ಳೇ ಮಸಾಲೆ ದೋಸೆ ಎಲ್ಲಿ ಸಿಗುತ್ತದೆ? ಹೋಗುವುದಿದ್ದರೆ ಒಟ್ಟಿಗೆ ಪ್ಲಾನ್ ಮಾಡೋಣ.

ಕವೆಂಟ್ರಿ_ಕಾವೇರಿ:
@ನೀಲಗಿರಿಟೀ ಲೆಸ್ಟರ್‌ಗೆ ಹೋಗಿ, ಅಲ್ಲಿ ಆಯ್ಕೆ ಜಾಸ್ತಿ. ಆಸ್ಟ್ಲಿಯಲ್ಲಿ ಅಂಗಡಿ ಹುಡುಕಬೇಡಿ, ಬುತ್ತಿ ಕಟ್ಟಿಕೊಂಡು ಬನ್ನಿ.

ಸ್ಕೆಚ್‌ಪೇಪರ್:
ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಕ್ಲಾಸಿನಲ್ಲಿ ಇದೇ ಕಟ್ಟಡವನ್ನು ಪಾಠ ಮಾಡಿದ್ದರು. ವಿನ್ಯಾಸ ವಿದರ್‌ಫರ್ಡ್ ವಾಟ್ಸನ್ ಮ್ಯಾನ್ ಸಂಸ್ಥೆಯದು. ಸ್ಟರ್ಲಿಂಗ್ ಪ್ರಶಸ್ತಿ ಶುರುವಾದದ್ದು 1996ರಲ್ಲಿ. ವಾಸದ ಮನೆಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಇದೇ ಮೊದಲು.

ಟ್ರಸ್ಟ್‌ನವರು 1990ರ ದಶಕದಲ್ಲೇ ಈ ಮನೆಯನ್ನು ಮಾಮೂಲಿ ರೀತಿಯಲ್ಲಿ ರಿಪೇರಿ ಮಾಡಲು ನೋಡಿದ್ದರು. ಆಗಲಿಲ್ಲ, ಅಷ್ಟು ಹಾಳಾಗಿತ್ತು. ಹಾಗಾಗಿ ಎರಡನೇ ಸಲ ಬಂದಾಗ ಆರ್ಕಿಟೆಕ್ಟ್‌ಗಳ ನಡುವೆ ಸ್ಪರ್ಧೆ ಇಟ್ಟರು. ಹಾಳಿನೊಳಗೆ ಹೊಸ ಮನೆ ಕೂರಿಸಿ ಅಂತಲೇ ಕೇಳಿದರು.

ನನಗೆ ಇಷ್ಟವಾದದ್ದು ಕೋಣೆಗಳ ಜಾಗ. ಮಲಗುವ ಕೋಣೆಗಳು ಕೆಳಗೆ, ಊಟ ಅಡುಗೆ ಹರಟೆಯ ದೊಡ್ಡ ಹಾಲ್ ಮೇಲೆ. ಕೆಳಗೆ ಸಣ್ಣ ಸಣ್ಣ ಕೋಣೆಗಳಿದ್ದರೆ ಅಡ್ಡಗೋಡೆ ಜಾಸ್ತಿ, ಹಳೇ ಹೊರಗೋಡೆಗೆ ಅದೇ ಆಸರೆ. ಮೇಲೆ ತೆರೆದ ಜಾಗ, ಗೋಡೆ ಬಿದ್ದುಹೋಗಿದ್ದ ಕಡೆ ದೊಡ್ಡ ಕಿಟಕಿ. ಅಲ್ಲಿ ಕೂತರೆ ಚರ್ಚು ಕಾಣುತ್ತದೆ.

ಗಾರೆಕೆಲಸ:
ಸರಿಯಾಗಿ ಹೇಳಿದೆ ತಮ್ಮಾ. ಹೊಸ ಇಟ್ಟಿಗೆ ಸುಮ್ನೆ ಖಾಲಿ ಜಾಗ ತುಂಬಲು ಹಾಕಿದ್ದಲ್ಲ, ಹಳೇ ಕಲ್ಲನ್ನು ಹಿಡಿದುಕೊಂಡಿದೆ. ಕಲ್ಲು ಮುರಿದ ಅಂಚಿಗೆ ಸರಿಯಾಗಿ ಇಟ್ಟಿಗೆ ಕಚ್ಚಿಕೂರುವಂತೆ ಕಟ್ಟಬೇಕೆಂದರೆ ಒಂದೊಂದು ಸಾಲನ್ನೂ ಕೈಯಲ್ಲೇ ಹೊಂದಿಸಬೇಕು. ತೆರಪು ದೊಡ್ಡದಿದ್ದ ಕಡೆ ಕಾಂಕ್ರೀಟ್ ಲಿಂಟಲ್ ಕೊಟ್ಟಿದ್ದಾರೆ. ಮಹಡಿ, ಚಾವಣಿ ಎರಡೂ ಮರದ್ದು, ಭಾರ ಕಡಿಮೆ. ಆ ಗಾರೆಯವರ ಹೆಸರೂ ಪ್ರಶಸ್ತಿಯ ಜೊತೆಗೆ ಬರಬೇಕಿತ್ತು ಅಂತ ನನ್ನ ಆಸೆ.

ಅರಳಿಮರ:
ಹೊಸದು ಹೊಸದಾಗಿಯೇ ಕಾಣಬೇಕು ಅನ್ನುವುದು ಅಲ್ಲಿ ಇವತ್ತಿನ ಫ್ಯಾಷನ್ ಅಲ್ಲ. 1877ರಲ್ಲೇ ಪುರಾತನ ಕಟ್ಟಡಗಳ ರಕ್ಷಣೆಗೆ ಅಂತ ಅಲ್ಲಿ ಸಂಘ ಶುರುವಾಯಿತು. ಆ ಕಾಲದಲ್ಲಿ ಚರ್ಚುಗಳನ್ನು "ಸರಿಮಾಡುತ್ತೇವೆ" ಅಂತ ಹೇಳಿ ಹಳೇ ಗಾರೆ ಕೆರೆದು, ಹಳೇ ಕಿಟಕಿ ಕಿತ್ತು, ಮಧ್ಯಯುಗದ್ದೇ ಅನ್ನುವ ಹಾಗೆ ಹೊಸದನ್ನು ಹಾಕುತ್ತಿದ್ದರು. ಅದರ ವಿರುದ್ಧ ಎದ್ದ ಸಂಘ ಅದು. ರಿಪೇರಿ ಮಾಡಿ, ಆದರೆ ನಕಲು ಮಾಡಬೇಡಿ ಎನ್ನುವುದು ಅವರ ನಿಲುವು.

ಹೊಯ್ಸಳಪ್ರಿಯ:
ನಮ್ಮಲ್ಲಿ ಇದು ಸಾಧ್ಯವೇ ಇಲ್ಲ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. 2010ರ ತಿದ್ದುಪಡಿ. ಸ್ಮಾರಕದ ಒಳಗೇ ಮನೆ ಕಟ್ಟುವ ಮಾತು ಎಲ್ಲಿ ಬಂತು? ನಮ್ಮ ಕಾನೂನೇ ಒಳ್ಳೆಯದು.

ಲೆಕ್ಕಪತ್ರ:
ಒಳ್ಳೆಯದೇ, ಸಂರಕ್ಷಿತ ಪಟ್ಟಿಯಲ್ಲಿ ಇರುವುದಕ್ಕೆ. ಪಟ್ಟಿಯಲ್ಲಿಲ್ಲದ ವಾಡೆ, ಗುತ್ತಿನ ಮನೆ, ಛತ್ರಗಳಿಗೆ? ಅವು ಮಳೆಯಲ್ಲಿ ಕರಗುತ್ತಿವೆ. ಆಸ್ಟ್ಲಿಯ ಪಾಠ ಅನ್ವಯಿಸುವುದು ಅವುಗಳಿಗೆ.

ನಿರ್ವಾಹಕ:
ಕರ್ನಾಟಕದ ವಾಡೆಗಳ ಬಗ್ಗೆ ಬೇರೆ ಎಳೆ ಶುರುಮಾಡಿ, ಖಂಡಿತ ಅಲ್ಲಿ ಚರ್ಚಿಸೋಣ. ಇಲ್ಲಿ ಆಸ್ಟ್ಲಿಗೇ ಅಂಟಿಕೊಳ್ಳಿ.

ಮಣ್ಣುಪರೀಕ್ಷೆ:
ಪ್ರಾರ್ಥನಾಮಂದಿರ ಬೇರೆ ಬಳಕೆಗೆ ಹೋದ ಇನ್ನೊಂದು ಜಾಗ ಹೇಳುತ್ತೇನೆ. ಕೆಂಟ್‌ನ ಆಪಲ್‌ಡೋರ್ ಹತ್ತಿರ ಹಾರ್ನ್ಸ್ ಪ್ಲೇಸ್. 1366ರಲ್ಲಿ ಪರವಾನಗಿ ಪಡೆದ, ಮನೆಗೆ ಸೇರಿದ ಚಾಪೆಲ್. 1381ರ ರೈತ ದಂಗೆಯಲ್ಲಿ ಆ ಮನೆಗೆ ನುಗ್ಗಿದ್ದರು. ಆಮೇಲೆ ಎಷ್ಟೋ ಕಾಲ ಚಾಪೆಲ್ ಬರೀ ಕಣಜ. ಹುಲ್ಲು, ಕಾಳು ತುಂಬಿದ್ದರಿಂದಲೇ ಅದಕ್ಕೆ ಚಾವಣಿ ಉಳಿಯಿತು.

ಇದಕ್ಕೆ ತದ್ವಿರುದ್ಧ ಹೆರಿಫರ್ಡ್‌ಶೈರ್‌ನ ಲೋವರ್ ಬ್ರಾಕ್‌ಹ್ಯಾಂಪ್ಟನ್. ಅಲ್ಲಿ ಕಂದಕದ ನಡುವಿನ ಮರದ ಮನೆ ಚೆನ್ನಾಗಿದೆ, ಪಕ್ಕದ 12ನೇ ಶತಮಾನದ ಚಾಪೆಲ್ ಚಾವಣಿಯಿಲ್ಲದೆ ಬರೀ ಗೋಡೆ. ಎರಡನ್ನೂ ನೋಡಿದರೆ ಬಳಕೆ ಎಷ್ಟು ಮುಖ್ಯ ಅಂತ ಕಣ್ಣಿಗೇ ಕಾಣುತ್ತದೆ.

ಹಳೆಕಲ್ಲು:
ಎಲ್ಲರ ಮಾತೂ ಓದಿದೆ. ಇಟ್ಟಿಗೆಯ ವಿಷಯದಲ್ಲಿ ಗಾರೆಕೆಲಸ ಅವರ ವಿವರಣೆ ನನಗೆ ಒಪ್ಪಿಗೆ. ಬಾಗಿಲಿನ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ತೆರೆದ ದಿನಗಳನ್ನು ಇನ್ನಷ್ಟು ಹೆಚ್ಚಿಸಬೇಕು. ಟ್ರಸ್ಟ್‌ಗೆ ಪತ್ರ ಬರೆಯುತ್ತೇನೆ.

ಲೆಕ್ಕಪತ್ರ:
ಪತ್ರ ಬರೆದರೆ ಇಲ್ಲಿ ಹಾಕಿ, ನಾನೂ ಸಹಿ ಮಾಡುತ್ತೇನೆ. ಬಾಡಿಗೆ ಕಡಿಮೆ ಇರುವ ಚಳಿಗಾಲದ ವಾರದ ದಿನಗಳಲ್ಲಿ ಶಾಲೆ ಮಕ್ಕಳಿಗೆ ಬಿಡಬಹುದು ಅಂತಲೂ ಸೇರಿಸಿ.

ಬೆಟ್ಟದಹೂ:
ಅಮ್ಮ ಊರಿಂದ ಬರುತ್ತಿದ್ದಾರೆ. ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ತೆರೆದ ದಿನ ಕರೆದುಕೊಂಡು ಹೋಗಬಹುದಾ?

ಕವೆಂಟ್ರಿ_ಕಾವೇರಿ:
@ಬೆಟ್ಟದಹೂ ಧಾರಾಳವಾಗಿ ಕರ್ಕೊಂಡು ಬನ್ನಿ. ಮನೆಯೊಳಗೆ ಲಿಫ್ಟ್ ಇದೆ. ಹೊರಗೆ ನೆಲ ಸ್ವಲ್ಪ ಏರುತಗ್ಗು, ಒಳ್ಳೆ ಗ್ರಿಪ್ ಇರುವ ಶೂ ಹಾಕಿಸಿ. ಬಸ್ಸು ನಂಬಬೇಡಿ, ಕಾರಿನಲ್ಲೇ ಬನ್ನಿ. ಚರ್ಚು ಯಾವಾಗಲೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೊರಡಿ. ಸಾಲುಮಂಟಪ ಹೇಳಿದ 18 ಆಸನಗಳನ್ನು ಅಮ್ಮನಿಗೆ ತೋರಿಸದೆ ಹೋಗಬೇಡಿ.